ಕೋಲ್ಡ್ ಸ್ಟೋರೇಜಿನಲ್ಲಿ ಅತ್ತೆಯ ಹಾಡು

ನಮ್ಮ ಓಡೈಪಟ್ಟಿಯಲ್ಲಿ ಯಾವ ಯಂತ್ರ ಕೆಟ್ಟರೂ ಮೊದಲು ನನ್ನನ್ನು ಕರೆಯುತ್ತಾರೆ. ಆಮೇಲೆ ಮೆಕ್ಯಾನಿಕ್ಕನ್ನು ಕರೆಯುತ್ತಾರೆ. ಈ ಕ್ರಮ ಇಂದಿನವರೆಗೂ ತಪ್ಪಿಲ್ಲ. ಬೋರಿನ ಮೋಟರು, ದ್ರಾಕ್ಷಿಗೆ ಔಷಧಿ ಹೊಡೆಯುವ ಸ್ಪ್ರೇಯರು, ಹೆಂಗಸರ ಮಿಕ್ಸಿ, ಹೀಗೆ ನಾನು ಕೈ ಇಡದ ಯಂತ್ರವಿಲ್ಲ. ನನ್ನ ಸಿದ್ಧಾಂತ ಬಹಳ ಸರಳ. ಯಂತ್ರದೊಳಗೆ ತಿರುಗುವುದು ಒಂದಿರುತ್ತದೆ, ಅದನ್ನು ತಡೆಯುವುದು ಇನ್ನೊಂದಿರುತ್ತದೆ. ತಟ್ಟಿದರೆ ಎರಡನೆಯದು ಬಿಟ್ಟುಕೊಡುತ್ತದೆ. ಅಷ್ಟೇ! ಅದೂ ಅಲ್ಲದೆ ಹರೆಯದಲ್ಲಿ ಚಿನ್ನಮನೂರಿಗೆ ಸೈಕಲ್ ತುಳಿದು ಕಂಪ್ಯೂಟರ್ ಕೋರ್ಸು ಮುಗಿಸಿದವನು ನಾನು. ಅಂಗೈಯಗಲದ ಒಂದು ಹಾರ್ಡ್ ಡಿಸ್ಕು ನನ್ನ ಮಾನವನ್ನು ಕೇರಳದ ಕುಮುಳಿಯ ಪೇಟೆಯಲ್ಲಿ ಹರಾಜಿಗಿಡುತ್ತದೆಂದು ಯಾರು ತಾನೆ ಊಹಿಸಿಯಾರು?

ಆ ಡಿಸ್ಕಿನಲ್ಲಿ ನಮ್ಮ ಅತ್ತೆಯ ಹಾಡುಗಳಿದ್ದವು. ಅತ್ತೆ ಎಂದರೆ ನನ್ನ ಅಪ್ಪನ ತಂಗಿ. ಅವಳ ಮಗಳು ಸೆಲ್ವಿಯನ್ನೇ ನಾನು ಮದುವೆಯಾದ್ದರಿಂದ ಎರಡು ಕಡೆಯಿಂದಲೂ ಅತ್ತೆ. ನಮ್ಮವರು ಕನ್ನಡ ಸೀಮೆ ಬಿಟ್ಟು ತಮಿಳುನಾಡಿನ ಈ ಕಂಬಂ ಕಣಿವೆಗೆ ಬಂದು ಎಷ್ಟೋ ತಲೆಮಾರಾಯಿತು. ಮನೆಯೊಳಗೆ ಕನ್ನಡ, ಹೊಸಿಲು ದಾಟಿದರೆ ತಮಿಳು. ಮಕ್ಕಳನ್ನು ಕನ್ನಡದಲ್ಲಿ ಬೈದರೆ ಚೆನ್ನಾಗಿ ತಿಳಿಯುತ್ತದೆ, ಉತ್ತರ ಮಾತ್ರ ತಮಿಳಿನಲ್ಲಿ ಬರುತ್ತದೆ. ಮದುವೆಯ ಹಿಂದಿನ ದಿನ ಹೆಣ್ಣಿಗೆ ಅರಿಶಿನ ಹಚ್ಚುವಾಗ ಹಾಡುವ ಹಾಡುಗಳನ್ನು ಮೊದಲಿಂದ ಕೊನೆಯವರೆಗೆ ಬಲ್ಲವಳು ಊರಿನಲ್ಲಿ ಅತ್ತೆ ಒಬ್ಬಳೇ. ಹೋದ ವರ್ಷ ಅವಳು ತೀರಿಕೊಂಡಳು. ಪುಣ್ಯಕ್ಕೆ ಅದಕ್ಕೂ ಮುಂಚೆ ನಾನು ಅವಳನ್ನು ಕೂರಿಸಿ, ಮೊಬೈಲಿನಲ್ಲಿ ಹಾಡು ಹಿಡಿದು, ಎಲ್ಲವನ್ನೂ ಹಾರ್ಡ್ ಡಿಸ್ಕಿಗೆ ಹಾಕಿ ಭದ್ರಪಡಿಸಿದ್ದೆ. ಹೇಗೂ ಭದ್ರವಾಯಿತಲ್ಲ ಎಂದು ಮೊಬೈಲಿನಿಂದ ಅಳಿಸಿಯೂ ಬಿಟ್ಟಿದ್ದೆ. ದ್ರಾಕ್ಷಿ ಗೊಂಚಲಿನ ವಿಡಿಯೋ ತೆಗೆಯಲು ಜಾಗ ಬೇಡವೇ?

ಈಗ ನಮ್ಮ ಮಗಳು ದೀಪಾಳ ಮದುವೆ ಗೊತ್ತಾಯಿತು. ಗಂಡು ಪೆರಿಯಕುಳದವನು, ಮಾವಿನ ತೋಪಿನ ಮನೆ. ಸೆಲ್ವಿ ನನ್ನ ಬಳಿ ಬಂದು ಕೂತಳು. ಅತ್ತೆಯ ಮಗಳಾದ್ದರಿಂದ ಅವಳು ಇಂದಿಗೂ ನನ್ನನ್ನು ಮಾವ ಎಂದೇ ಕರೆಯುವುದು.

"ಮಾವ, ನಂಗೆ ಒಡವೆ ಬ್ಯಾಡ, ಪಟ್ಟು ಸೀರೆ ಬ್ಯಾಡ. ನಮ್ಮವ್ವನ ಹಾಡು ಕೇಳ್ತಾ ಮಗೀಗೆ ಅರಿಶ್ನ ಹಚ್ಬೇಕು. ಅಷ್ಟು ಮಾಡ್ಕೊಡಿ, ಸಾಕು."

"ಇದ್ಯಾವ ದೊಡ್ಡ ಕೆಲ್ಸ ಸೆಲ್ವಿ? ಒಂದು ಬಟನ್ ಒತ್ತಿದ್ರೆ ಆಯ್ತು!" ಎಂದೆ.

ಮರುದಿನ ಹಗ್ಗದ ಮಂಚದ ಮೇಲೆ ಲ್ಯಾಪ್‌ಟಾಪ್ ಇಟ್ಟು, ಡಿಸ್ಕನ್ನು ಜೋಡಿಸಿ, ಮೈಕ್ ಸೆಟ್ಟಿನವನಿಗೆ ಹಾಡು ಪೆನ್ ಡ್ರೈವಿಗೆ ಹಾಕಿಕೊಡಲು ಕೂತೆ. ಬಟನ್ ಒತ್ತುವ ಮೊದಲು ಗಂಭೀರವಾಗಿ ಕಾಲು ಮಡಿಸಿ ಕೂರೋಣ ಎಂದು ಕಾಲೆತ್ತಿದೆ. ವೈರು ಕಾಲಿಗೆ ಸಿಕ್ಕಿತು. ಡಿಸ್ಕು ಸಿಮೆಂಟು ನೆಲದ ಮೇಲೆ ಠಣ್ ಎಂದಿತು. ಎತ್ತಿ ಮತ್ತೆ ಜೋಡಿಸಿದರೆ ಒಳಗಿಂದ ಟಿಕ್, ಟಿಕ್, ಟಿಕ್ ಎಂಬ ಶಬ್ದ. ಲ್ಯಾಪ್‌ಟಾಪ್ ಮಾತ್ರ ಅಂಥ ಡಿಸ್ಕನ್ನು ತಾನು ಜನ್ಮದಲ್ಲೇ ನೋಡಿಲ್ಲವೆಂಬಂತೆ ಕೂತಿತ್ತು.

ಸಿದ್ಧಾಂತದ ಪ್ರಕಾರ ತಟ್ಟಿದೆ. ಟಿಕ್ ಎಂದಿತು. ಇನ್ನೂ ಬಲವಾಗಿ ತಟ್ಟಿದೆ. ಟಿಕ್ ಎನ್ನುವುದೂ ನಿಂತುಹೋಯಿತು. ಅರ್ಧ ರೋಗ ವಾಸಿಯಾಯಿತೆಂದು ನನಗೆ ಸಂತೋಷವೇ ಆಯಿತು! ಉಳಿದರ್ಧಕ್ಕೆಂದು ಪ್ಲಾಸ್ಟಿಕ್ ಕವಚ ಬಿಚ್ಚಿದೆ. ಒಳಗೆ ಇನ್ನೊಂದು ಲೋಹದ ಡಬ್ಬಿ, ಅದಕ್ಕೆ ನಕ್ಷತ್ರದಾಕಾರದ ಸ್ಕ್ರೂಗಳು. ಅದಕ್ಕೆ ಹೊಂದುವ ಸ್ಕ್ರೂಡ್ರೈವರ್ ನನ್ನ ಬಳಿ ಇರಲಿಲ್ಲ. ಅತ್ತೆ ಬದುಕಿರುವಾಗ ಮಾಡಿದ ಪುಣ್ಯ ಅಲ್ಲಿ ಕೆಲಸಕ್ಕೆ ಬಂತೆಂದು ಈಗ ಅನ್ನಿಸುತ್ತದೆ.

ಮೊಬೈಲು ಕೆಟ್ಟರೆ ಅಕ್ಕಿಯಲ್ಲಿ ಹೂತಿಡುತ್ತಾರೆಂದು ಕೇಳಿದ್ದೆ. ಸದ್ದಿಲ್ಲದೆ ಹೋಗಿ ಡಿಸ್ಕನ್ನು ಅಕ್ಕಿ ಡ್ರಮ್ಮಿನಲ್ಲಿ ಹೂತು ಬಂದೆ. ಸಂಜೆ ಅಕ್ಕಿ ಅಳೆಯಲು ಹೋದ ಸೆಲ್ವಿ ಅದನ್ನು ಕೈಯಲ್ಲಿ ಹಿಡಿದುಕೊಂಡು ಬಂದಳು.

"ಮಾವ, ಹುಳ ಬೀಳಬಾರ್ದು ಅಂತ ಅಕ್ಕಿಗೆ ಬೇವಿನ ಸೊಪ್ಪು ಇಡ್ತಾರೆ. ನೀವು ಇದೇನು ಇಟ್ಟಿದೀರಿ?"

"ಅದು... ಈರ, ನೀರಿನ ಪಸೆ ಹೀರ್ಕೊಳ್ಳಲಿ ಅಂತ."

"ನೀರಿಗ್ ಬಿತ್ತಾ?"

"ಇಲ್ಲ. ನೆಲಕ್ಕೆ."

"ನೆಲಕ್ ಬಿದ್ದದ್ದಕ್ಕೆ ಅಕ್ಕಿ ಯಾಕೆ?"

ಈ ಪ್ರಶ್ನೆಗೆ ಕಂಪ್ಯೂಟರ್ ಕೋರ್ಸಿನಲ್ಲಿ ಉತ್ತರ ಹೇಳಿಕೊಟ್ಟಿರಲಿಲ್ಲ. ಸೆಲ್ವಿಗೆ ಎಲ್ಲ ಅರ್ಥವಾಯಿತು. ಬೈಯುತ್ತಾಳೆಂದು ಕಾದೆ. ಬೈಯಲಿಲ್ಲ. ಡಿಸ್ಕಿಗೆ ಅಂಟಿದ್ದ ಅಕ್ಕಿಯ ಪುಡಿಯನ್ನು ಸೆರಗಿನಿಂದ ಒರೆಸಿ, "ನಮ್ಮವ್ವ ಎರಡ್ ಸಲ ಹೋದಂಗಾಯ್ತು ಮಾವ" ಎಂದು ಅಡುಗೆಮನೆಗೆ ಹೋದಳು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು!

"ಕವಲೆ ಪಡಬ್ಯಾಡ ಸೆಲ್ವಿ, ಚಿಂತೆ ಬಿಡು! ಅರಿಶ್ನಕ್ಕೆ ಅತ್ತೆ ಹಾಡೇ ಹಾಡ್ತಾಳೆ. ಇದು ನನ್ ಮಾತು!" ಎಂದು ಅಡುಗೆಮನೆಯ ಬಾಗಿಲಿಗೆ ಕೂಗಿ ಹೇಳಿದೆ. ಪಾತ್ರೆ ಇಟ್ಟ ಸದ್ದು ಮಾತ್ರ ಕೇಳಿಸಿತು.

ಕೂಡಲೇ ಮೊಬೈಲಿನಲ್ಲಿ ಹುಡುಕಿದೆ. ಒಬ್ಬ ಪುಣ್ಯಾತ್ಮ, ಕೆಟ್ಟ ಡಿಸ್ಕನ್ನು ಫ್ರೀಜರಿನಲ್ಲಿಟ್ಟು ತಣ್ಣಗೆ ಮಾಡಿದರೆ ಒಳಗೆ ಸಿಕ್ಕಿಕೊಂಡದ್ದು ಬಿಟ್ಟುಕೊಳ್ಳುತ್ತದೆ ಎಂದು ವಿಡಿಯೋ ಹಾಕಿದ್ದ. ನಮ್ಮ ಫ್ರೀಜರು ತೆರೆದೆ. ಅಲ್ಲಿ ಮೀನಿನ ಪೊಟ್ಟಣಗಳಿದ್ದವು. ಅತ್ತೆಯನ್ನು ಮೀನಿನ ಪಕ್ಕ ಮಲಗಿಸಲು ಮನಸ್ಸು ಒಪ್ಪಲಿಲ್ಲ. ಆಗ ಹೊಳೆಯಿತು ನೋಡಿ! ನಾನು ದ್ರಾಕ್ಷಿ ಬೆಳೆಯುವವನು. ಊರಿನಲ್ಲೇ ಕೋಲ್ಡ್ ಸ್ಟೋರೇಜ್ ಇದೆ. ಅಲ್ಲಿ ವಾರಗಟ್ಟಲೆ ಇಟ್ಟ ದ್ರಾಕ್ಷಿ ಆಗತಾನೆ ಬಳ್ಳಿಯಿಂದ ಕೊಯ್ದಂತೆ ಹೊರಬರುತ್ತದೆ. ದ್ರಾಕ್ಷಿಯನ್ನೇ ಕಾಪಾಡುವ ತಂಪು ಹಾಡನ್ನು ಕಾಪಾಡದೇ?

ಮಾಡುವ ಕೆಲಸವನ್ನು ಅಚ್ಚುಕಟ್ಟಾಗಿ ಮಾಡುವುದು ನಮ್ಮ ಮನೆತನದ ಗುಣ. ದ್ರಾಕ್ಷಿ ಪೆಟ್ಟಿಗೆಯೊಳಗೆ ಕಾಗದದ ಚೂರು ಹಾಸಿ, ಡಿಸ್ಕನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಮಲಗಿಸಿದೆ. ಮೇಲಿನ ಪೆಟ್ಟಿಗೆಗಳ ಭಾರಕ್ಕೆ ಜಜ್ಜಿಹೋದರೆ ಎಂದು ಅದರ ಸುತ್ತಲೂ ಮೇಲೂ ಒಳ್ಳೆಯ ಗೊಂಚಲು ಜೋಡಿಸಿದೆ. ಹಣ್ಣು ಕೊಳೆಯದಿರಲು ಇಡುವ ಗಂಧಕದ ಕಾಗದವನ್ನೂ ಹೊದಿಸಿದೆ. ಪೆಟ್ಟಿಗೆ ಬೇರೆಯವರದರ ಜೊತೆ ಬೆರೆಯಬಾರದಲ್ಲ, ಅದಕ್ಕೆ ನಮ್ಮ ತೋಟದ ಕೆಂಪು ಗುರುತು ಹಾಕಿ, ಕೋಲ್ಡ್ ಸ್ಟೋರೇಜಿನಲ್ಲಿದ್ದ ನನ್ನದೇ ಪೆಟ್ಟಿಗೆಗಳ ಸಾಲಿನಲ್ಲಿಟ್ಟು ಬಂದೆ. ಅದನ್ನು ನೋಡಿಕೊಳ್ಳುವ ಪಾಂಡಿ ನಮ್ಮವನೇ. ಅವನು ಟೀ ಕುಡಿಯಲು ಹೋಗಿದ್ದ. ಇಷ್ಟು ಸಣ್ಣ ವಿಷಯ ಅವನಿಗೇಕೆ ಹೇಳುವುದೆಂದು ಸುಮ್ಮನಾದೆ.

ಬೆಳಿಗ್ಗೆ ಪಾಂಡಿಯೇ ಫೋನ್ ಮಾಡಿದ.

"ಅಣ್ಣ, ನಲ್ಲ ಸೇದಿ, ಒಳ್ಳೆ ಸುದ್ದಿ! ಕುಮುಳಿ ಯಾಪಾರಿ ಲಾರಿ ತಂದಿದ್ದ. ನಿಮ್ ಕೆಂಪು ಗುರ್ತು ಪೆಟ್ಟಿ ಒಂದೂ ಬಿಡದಂಗೆ ಏರಿಸಿ ಕಳಿಸ್‌ಬುಟ್ಟೆ!"

"ಪಾಂಡೀ!" ಎಂದು ಕಿರುಚಿದೆ. ಪಾಂಡಿ ಅದನ್ನು ಆನಂದವೆಂದು ತಿಳಿದು, "ಅಯ್ಯೋ ಇರ್ಲಿ ಬುಡಣ್ಣ, ನನ್ ಕರ್ತವ್ಯ" ಎಂದು ವಿನಯದಿಂದ ಫೋನಿಟ್ಟ.

ನಾನೂ ಸೆಲ್ವಿಯೂ ಕಂಬಂ ದಾಟಿ ಘಾಟಿ ಏರುವ ಬಸ್ಸಿನಲ್ಲಿ ಕೂತೆವು. ದಾರಿಯುದ್ದಕ್ಕೂ ಅವಳು ಒಂದೇ ಒಂದು ಮಾತಾಡಿದಳು. "ನಮ್ಮವ್ವ ಬದುಕಿರೋವಾಗ ಕೇರಳ ನೋಡ್ಬೇಕು ಅಂತಿದ್ಲು. ನೀವು ಒಂದಿನ ಕರ್ಕೊಂಡೋಗ್ಲಿಲ್ಲ. ಈಗ ಕಳಿಸಿದ್ರಲ್ಲ." ನಾನು ಕಿಟಕಿಯಾಚೆ ಬೆಟ್ಟ ನೋಡುವವನಂತೆ ಕೂತೆ.

ಕುಮುಳಿಯಲ್ಲಿ ಆ ವ್ಯಾಪಾರಿಯ ಹಣ್ಣಿನ ಅಂಗಡಿಯಲ್ಲಿ ಆಗಲೇ ಜನ ಸೇರಿದ್ದರು. ಪೆಟ್ಟಿಗೆ ಬಿಚ್ಚಿಹೋಗಿತ್ತು. ನನ್ನ ಡಿಸ್ಕು ತಕ್ಕಡಿಯ ಮೇಲೆ ಸಾಕ್ಷಿಯಂತೆ ಕೂತಿತ್ತು. ಅಂಗಡಿಯ ಮಲಯಾಳಿ ಯಜಮಾನ, ಎಲ್ಲರ ಬಾಯಲ್ಲೂ ಚೇಟನ್, ಅರ್ಧ ಮಲಯಾಳ, ಅರ್ಧ ತಮಿಳಿನಲ್ಲಿ ಸಿಡಿದ. ಕನ್ನಡಕ್ಕೆ ತಂದರೆ ಹೀಗೆ:

"ತೂಕಕ್ಕೆ ಪೆಟ್ಟಿಗೇಲಿ ಕಲ್ಲು ಇಡೋರನ್ನ ನೋಡಿದೀನಿ. ಕಂಪ್ಯೂಟರ್ ಇಟ್ಟೋನನ್ನ ಇವತ್ತೇ ನೋಡ್ತಿರೋದು!"

"ಅದು ತೂಕಕ್ಕಲ್ಲ ಚೇಟಾ, ತಂಪಿಗೆ!" ಎಂದೆ. ಜನ ಇನ್ನೂ ಹತ್ತಿರ ಬಂದರು. ತಲೆತಲಾಂತರದಿಂದ ಮಣ್ಣು ನಂಬಿದ ಕುಲ, ಒಂದು ಹುಳುಕು ಹಣ್ಣನ್ನೂ ಅಡಿಯಲ್ಲಿಟ್ಟು ಮಾರಿದವರಲ್ಲ ಎಂದು ಭಾಷಣ ಶುರು ಮಾಡಿದೆ. ಅಷ್ಟರಲ್ಲಿ ಸೆಲ್ವಿ ನನ್ನನ್ನು ಪಕ್ಕಕ್ಕೆ ಸರಿಸಿ ಮುಂದೆ ಬಂದಳು. ಅವಳ ಕಣ್ಣು ತುಂಬಿತ್ತು.

"ಅಣ್ಣಾ, ಅದನ್ನ ಕೊಟ್ಬುಡಿ. ಅದರೊಳಗೆ ನಮ್ಮಮ್ಮ ಇದಾರೆ" ಎಂದು ತಮಿಳಿನಲ್ಲಿ ಕೇಳಿದಳು.

ಚೇಟನ್ ಹೌಹಾರಿದ. ಚಪ್ಪಲಿ ಬಿಟ್ಟ. ಡಿಸ್ಕನ್ನು ಎರಡೂ ಕೈಯಲ್ಲಿ ಎತ್ತಿ, ಒಂದು ಬಾಳೆ ಎಲೆಯ ಮೇಲಿಟ್ಟು, ಅದರ ಮೇಲೆ ಎರಡು ಹೂವಿಟ್ಟು ಸೆಲ್ವಿಗೆ ಕೊಟ್ಟ. "ಅಸ್ಥಿ ಬಿಡೋಕೆ ಹೊರಟಿದ್ರಾ ತಂಗೀ? ಮೊದಲೇ ಹೇಳಬಾರದಾ?" ಎಂದ. ಹಾಗಲ್ಲ, ಇದು ಡಿಜಿಟಲ್ ಎಂದು ವಿವರಿಸಲು ನಾನು ಬಾಯಿ ತೆರೆದೆ. ಸೆಲ್ವಿ ನನ್ನ ಕಾಲು ತುಳಿದಳು.

ಮರುದಿನ ದಿಂಡುಕ್ಕಲ್ಲಿಗೆ ಹೋದೆವು. ಕೆಟ್ಟ ಡಿಸ್ಕಿನಿಂದ ಅಳಿದದ್ದನ್ನು ಹೊರತೆಗೆಯುವ ಅಂಗಡಿ ಅಲ್ಲಿದೆ. ಅಲ್ಲಿನ ಮೇಡಂ ಡಿಸ್ಕನ್ನು ಮೂಗಿನ ಹತ್ತಿರ ಹಿಡಿದರು.

"ದ್ರಾಕ್ಷಿ ವಾಸನೆ ಬರುತ್ತಲ್ಲ?"

"ಕೋಲ್ಡ್ ಸ್ಟೋರೇಜಲ್ಲಿ ಇಟ್ಟಿದ್ದೆ ಮೇಡಂ."

"ಅದಕ್ಕೂ ಮುಂಚೆ?"

"ಅಕ್ಕಿಯಲ್ಲಿ."

"ಅದಕ್ಕೂ ಮುಂಚೆ?"

"ಸ್ವಲ್ಪ ತಟ್ಟಿದ್ದೆ."

ಮೇಡಂ ನನ್ನನ್ನು ಬಿಟ್ಟು ಸೆಲ್ವಿಯ ಕಡೆ ತಿರುಗಿ, "ಅಮ್ಮ, ಬಿದ್ದ ಕೂಡಲೇ ಏನೂ ಮಾಡದೆ ತಂದಿದ್ದರೆ ಹೆಚ್ಚು ಕಡಿಮೆ ಎಲ್ಲ ಸಿಗುತ್ತಿತ್ತು. ಇದು ಬಿದ್ದು ಕೆಟ್ಟದ್ದಕ್ಕಿಂತ ರಿಪೇರಿಯಿಂದ ಕೆಟ್ಟದ್ದೇ ಜಾಸ್ತಿ. ಪ್ರಯತ್ನ ಮಾಡ್ತೀನಿ, ಮಾತು ಕೊಡಲ್ಲ" ಎಂದರು. ಸೆಲ್ವಿ ತಲೆಯಾಡಿಸಿದಳು. ಮಾತು ಕೊಡುವವರನ್ನು ಅವಳು ಮನೆಯಲ್ಲೇ ಸಾಕಷ್ಟು ನೋಡಿದ್ದಳು.

ಚಪ್ಪರ ಹಾಕಿದರು, ನೆಂಟರು ಬಂದರು, ಮೇಡಂ ಅವರ ಫೋನು ಮಾತ್ರ ಬರಲಿಲ್ಲ. ಅರಿಶಿನದ ದಿನ ಬೆಳಿಗ್ಗೆ ಕೊನೆಗೂ ಬಂತು. ಕೂಡಲೇ ದಿಂಡುಕ್ಕಲ್ಲಿಗೆ ಓಡಿದೆ. ಮೇಡಂ ಒಂದು ಪೆನ್ ಡ್ರೈವ್ ಕೊಟ್ಟು, "ಒಂದೇ ಹಾಡು ಬಂತು. ಆದರೆ ಪೂರ್ತಿ ಇದೆ, ಕೇಳಿ ನೋಡಿದೆ. ನಿಮ್ಮ ಭಾಷೆ ಅರ್ಧ ತಿಳೀತು" ಎಂದು ತಲೆ ಬಗ್ಗಿಸಿ ನಕ್ಕರು. ಆ ನಗುವನ್ನು ನಾನು ಅಭಿನಂದನೆ ಎಂದುಕೊಂಡೆ. ಕೇಳಿನೋಡಲು ಪುರುಸೊತ್ತೆಲ್ಲಿ? ಊರು ತಲುಪುವಾಗ ದೀಪಾಳನ್ನು ಮಣೆಯ ಮೇಲೆ ಕೂರಿಸಿಯಾಗಿತ್ತು. ಸೆಲ್ವಿ ಅರಿಶಿನದ ಬಟ್ಟಲು ಹಿಡಿದು ಬಾಗಿಲ ಕಡೆಯೇ ನೋಡುತ್ತ ನಿಂತಿದ್ದಳು. ನಾನು ಜಯಶಾಲಿಯಂತೆ ಪೆನ್ ಡ್ರೈವ್ ಎತ್ತಿ ತೋರಿಸಿ, ಮೈಕ್ ಸೆಟ್ಟಿನವನ ಕೈಗಿಟ್ಟು, "ಫುಲ್ ಸೌಂಡ್ ಇಡಪ್ಪ!" ಎಂದೆ.

ಅತ್ತೆಯ ದನಿ ಚಪ್ಪರದ ತುಂಬ ಹರಡಿತು.

"ಅರಿಶಿನ ಅರೆಯೋಳೆ, ನಿನ್ ಬಳೆಯ ಸದ್ದೀಗೆ..."

ಹೆಂಗಸರೆಲ್ಲ ಒಮ್ಮೆಗೇ ಸ್ಪೀಕರಿನ ಕಡೆ ತಿರುಗಿದರು. ಆಗ ಸ್ಪೀಕರಿನಿಂದ ಇನ್ನೊಂದು ದನಿ ಬಂತು.

"ಅತ್ತೆ, ನಿಲ್ಸು ನಿಲ್ಸು! ಮೊಬೈಲ್ ಹತ್ರಕ್ ಬಾ!"

ನನ್ನದೇ ದನಿ! ಅತ್ತೆ ಮತ್ತೆ ಮೊದಲಿನಿಂದ ಎತ್ತಿಕೊಂಡಳು. "ಅರಿಶಿನ ಅರೆಯೋಳೆ..." "ಅತ್ತೆ, ಸೌಂಡ್ ಸಾಲ್ದು!" ಮತ್ತೊಮ್ಮೆ, "ಅರಿಶಿನ..." "ಅತ್ತೆ, ಇದನ್ನೇ ಸ್ವಲ್ಪ ಫಾಸ್ಟಾಗಿ ಹಾಡಕ್ ಆಗಲ್ವಾ?" ಬೀಗರ ಕಡೆಯ ಹುಡುಗಿಯರು ಬಾಯಿಗೆ ಸೆರಗು ಹಿಡಿದರು. ನಾನು ಮೈಕ್ ಸೆಟ್ಟಿನ ಕಡೆ ಓಡಿದೆ. ಅಷ್ಟರಲ್ಲಿ ಅತ್ತೆ ಗುಡುಗಿದಳು.

"ಏಳೇ ಸೆಲ್ವಿ! ಮೊದ್ಲು ನಿನ್ ಗಂಡನ್ನ ತೋಟಕ್ ಕಳ್ಸು! ಇವ್ನು ಅತ್ಲಾಗ್ ಹೋದ್ರೆ ಹಾಡು ಇತ್ಲಾಗ್ ಬತ್ತದೆ!"

ಚಪ್ಪರವೇ ಬಿದ್ದುಹೋಗುವಂತೆ ಜನ ನಕ್ಕರು. ಕನ್ನಡ ಬಾರದೆಂದು ಸದಾ ಹೇಳುವ ಪಡ್ಡೆಗಳೇ ಎಲ್ಲರಿಗಿಂತ ಮೊದಲು ನಕ್ಕದ್ದು! ಸ್ಪೀಕರಿನಲ್ಲಿ ನನ್ನ ಚಪ್ಪಲಿಯ ಸದ್ದು ದೂರವಾಯಿತು, ಬಾಗಿಲು ಮುಚ್ಚಿತು. ಆಮೇಲೆ ಹಾಡು ಒಂದು ಸಲವೂ ತಡೆಯದೆ ಹರಿಯಿತು. ಮಾವಿನ ತೋಪಿನ ಗಿಣಿ, ಗಂಡಿನ ಅಕ್ಕನ ಜಂಬ, ಹೆಣ್ಣಿನ ಕೈಬಳೆ, ಏನೂ ಬಿಟ್ಟುಹೋಗಿರಲಿಲ್ಲ. ಸೆಲ್ವಿ ನಗುತ್ತಲೇ ಅಳುತ್ತ, ಅಳುತ್ತಲೇ ನಗುತ್ತ, ಮಗಳ ಕೆನ್ನೆಗೆ ಅರಿಶಿನ ಹಚ್ಚಿದಳು. ಮುದುಕಿಯರು ಸೊಲ್ಲಿಗೆ ಸೊಲ್ಲು ಸೇರಿಸಿದರು. ನನಗೂ ಕಣ್ಣೀರು ತಡೆಯಲಾಗಲಿಲ್ಲ. ಅವಮಾನಕ್ಕೋ ಅತ್ತೆಯ ನೆನಪಿಗೋ ಎಂದು ಕೇಳಬೇಡಿ.

ಹಾಡು ಮುಗಿದ ಮೇಲೆ ಬೀಗರು ಎದ್ದು ಬಂದು ನನ್ನ ಕೈ ಹಿಡಿದುಕೊಂಡರು.

"ಸಂಬಂದಿ, ಎಂಥಾ ಹಾಡು! ಇದನ್ನ ರೆಕಾರ್ಡ್ ಮಾಡಿದ್ ಯಾರು?"

ನಾನು ಎದೆ ಸೆಟೆಸಿ ಬಾಯಿ ತೆರೆಯುವುದರೊಳಗೆ ಸೆಲ್ವಿ ಹೇಳಿದಳು. "ನಾನೇ ಅಣ್ಣ. ಇವ್ರು ತೋಟದಲ್ಲಿದ್ರು."

ಈಗ ಆ ಹಾಡಿನ ಪ್ರತಿ ನಮ್ಮವರ ಮನೆಮನೆಯ ಮೊಬೈಲಿನಲ್ಲೂ ಇದೆ. ಇನ್ನು ಅದು ಕಳೆದುಹೋಗುವ ಭಯವಿಲ್ಲ. ಎಲ್ಲಿ ಅರಿಶಿನ ಹಚ್ಚಿದರೂ ಅದನ್ನೇ ಹಾಕುತ್ತಾರೆ. ಮೊದಲಿನ ಭಾಗ ಕತ್ತರಿಸಿ ಚೊಕ್ಕಟವಾಗಿ ಮಾಡಿಕೊಡುತ್ತೇನೆಂದು ಕಂಡವರಲ್ಲೆಲ್ಲ ಬೇಡಿಕೊಂಡೆ. ಒಬ್ಬರೂ ಒಪ್ಪಲಿಲ್ಲ. ಮೊನ್ನೆ ಚಿನ್ನಮನೂರಿನ ಒಂದು ಮದುವೆಗೆ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಹೋಗಿದ್ದೆ. ಬಾಗಿಲಲ್ಲಿ ಪನ್ನೀರು ಚಿಮುಕಿಸುತ್ತಿದ್ದ, ನಾನೆಂದೂ ಕಂಡಿರದ ಮುದುಕಿಯೊಬ್ಬಳು ನನ್ನ ದನಿ ಕೇಳಿ ತಲೆಯೆತ್ತಿ ನೋಡಿದಳು.

"ಓ, ನೀನಾ! ಹಾಡು ಈಗ್ಲೇ ಶುರು ಆಗ್ತದೆ ಕಣಪ್ಪ. ಮುಗಿಯೋಗಂಟ ತೋಟದ್ ಕಡೆ ಹೋಗಿದ್ ಬಾ!"