ಕುಂಕುಮ ಹಚ್ಚಿದ ಫುಟ್‌ಬಾಲು

ಕಾಲು ತಗುಲಿದ್ದನ್ನೆಲ್ಲ ಮುಟ್ಟಿ ಕಣ್ಣಿಗೊತ್ತಿಕೊಳ್ಳುವ ಅಭ್ಯಾಸ ನನ್ನದು. ಪುಸ್ತಕ, ಪೊರಕೆ, ಅಕ್ಕಿ ಡಬ್ಬ, ಯಾವುದನ್ನೂ ಬಿಟ್ಟವಳಲ್ಲ. ಒಮ್ಮೆ ಶಿವಾಜಿನಗರದ ಬಸ್ಸಿನಲ್ಲಿ ಯಾರದೋ ಮೀನಿನ ಚೀಲಕ್ಕೆ ಕಾಲು ತಾಕಿ, ಅದನ್ನೂ ಕಣ್ಣಿಗೊತ್ತಿಕೊಂಡು, ಮನೆಗೆ ಬಂದು ತಲೆಗೆ ಸ್ನಾನ ಮಾಡಿದ್ದೇನೆ. ಇಂಥವಳ ಕೈಯಲ್ಲಿ ಐದು ವರ್ಷದ ಮೊಮ್ಮಗಳನ್ನು ಬೆಳೆಯಲು ಬಿಟ್ಟು, ಆಮೇಲೆ ಅವಳನ್ನು ಫುಟ್‌ಬಾಲಿಗೆ ಸೇರಿಸಿದರೆ ಏನಾದೀತು ಎಂದು ನನ್ನ ಸೊಸೆ ಮೊದಲೇ ಯೋಚಿಸಬೇಕಿತ್ತು.

ಚಿನ್ನಿಗೆ ಜನರೆಂದರೆ ಸಂಕೋಚ. ಸ್ಕೂಲಿನಲ್ಲಿ ಯಾರ ಜೊತೆಗೂ ಮಾತಿಲ್ಲ, ಮನೆಯಲ್ಲಿ ನನ್ನ ಸೆರಗು ಬಿಡುವುದಿಲ್ಲ. ನಾಲ್ಕು ಮಕ್ಕಳ ಜೊತೆ ಬೆರೆಯಲಿ ಎಂದೇ ಕಾಕ್ಸ್‌ಟೌನಿನ ನಮ್ಮ ಮನೆ ಹತ್ತಿರದ ಮೈದಾನದಲ್ಲಿ ಭಾನುವಾರದ ಆಟಕ್ಕೆ ಸೇರಿಸಿದ್ದು. ಅಲ್ಲಿ ಗೋಲಿನ ಲೆಕ್ಕವಿಲ್ಲ, ಸೋಲು ಗೆಲುವಿಲ್ಲ. ಬಾಲನ್ನು ನಾಯಿಮರಿ ಅಂದುಕೊಂಡು ವಾಕಿಂಗ್ ಕರೆದೊಯ್ಯಿರಿ ಎನ್ನುತ್ತಾಳೆ ಕೋಚ್ ಹುಡುಗಿ. ಮಕ್ಕಳು ಅದನ್ನು ಮೆಲ್ಲಗೆ ಒದೆಯುತ್ತ ಮೈದಾನವೆಲ್ಲ ಸುತ್ತುತ್ತಾರೆ. ಗೆಲ್ಲದ ಆಟಕ್ಕೆ ಹೊಸ ಶೂ ಬೇರೆ ಯಾಕೆ ಎಂದು ನಾನು ಮೂಗು ಮುರಿದಿದ್ದೆ. ಆದರೆ ಕೆಲವೇ ವಾರಗಳಲ್ಲಿ ಚಿನ್ನಿ ಇನ್ನೊಂದು ಹುಡುಗಿಯ ಕೈ ಹಿಡಿದು ಕಿಲಕಿಲ ನಗುವುದನ್ನು ಕಂಡಾಗ ನನಗೆ ಕಣ್ಣು ತುಂಬಿ ಬಂತು.

ಅಷ್ಟರಲ್ಲಿ ಆಯುಧಪೂಜೆ ಬಂತು. ಮಗನ ಬೈಕು, ಮಿಕ್ಸಿ, ಈಳಿಗೆಮಣೆಗಳ ಜೊತೆ ಚಿನ್ನಿಯ ಚೆಂಡನ್ನೂ ತೊಳೆದು, ಕುಂಕುಮ ಹಚ್ಚಿ, ಸೇವಂತಿಗೆ ಇಟ್ಟೆ. ಇದು ದೇವರು, ಕಾಲು ತಾಕಿಸಬಾರದು ಎಂದೆ. ಇವತ್ತಿನ ಮಟ್ಟಿಗೆ ಎಂದು ಸೇರಿಸಲು ಮರೆತೆ. ಆ ಭಾನುವಾರ ಉಳಿದವರ ನಾಯಿಮರಿಗಳೆಲ್ಲ ಹುಲ್ಲಿನ ಮೇಲೆ ಓಡುತ್ತಿದ್ದರೆ ನಮ್ಮದು ಮಾತ್ರ ಕಂಕುಳಲ್ಲಿತ್ತು. ದೇವರನ್ನು ಒದೆಯಲಾರೆನೆಂದು ಚಿನ್ನಿಯದು ಒಂದೇ ಪಟ್ಟು. ಗೆಳತಿ ಕಾದು ಕಾದು ಓಡಿಹೋದಳು. ಇವಳು ಬಂದು ಮತ್ತೆ ನನ್ನ ಸೆರಗಿಗೆ ಅಂಟಿಕೊಂಡಳು. ಇನ್ನೊಂದು ವಾರ ಹೀಗೇ ಆದರೆ ಬಿಡಿಸಿಬಿಡೋಣ ಎಂದಳು ಸೊಸೆ. ನನ್ನನ್ನು ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು.

ಪೂಜೆ ಮುಗಿಯಿತು, ದೇವರು ಚೆಂಡು ಬಿಟ್ಟು ಹೋದರು ಎಂದು ವಾರವಿಡೀ ಹೇಳಿದೆ. ಚಿನ್ನಿ ನಂಬಲಿಲ್ಲ. ಮುಂದಿನ ಭಾನುವಾರ ಕೋಚ್ ನನ್ನ ಹತ್ತಿರ ಬಂದು, "ಆಂಟಿ, ನೀವೇ ಒಂದ್ಸಲ ಒದ್ದು ತೋರಿಸ್ಬಿಡಿ" ಎಂದಳು. ಅಜ್ಜಿ ಎನ್ನದೆ ಆಂಟಿ ಎಂದಳಲ್ಲ, ಅದಕ್ಕೇ ಉಬ್ಬಿ ಒಪ್ಪಿಕೊಂಡೆ. ಚಪ್ಪಲಿ ಬಿಟ್ಟು, ಸೆರಗು ಸಿಕ್ಕಿಸಿ, ಚಿನ್ನಿಯ ಚೆಂಡನ್ನು ಮುಟ್ಟಿ ಕಣ್ಣಿಗೊತ್ತಿಕೊಂಡು ಒದ್ದೇಬಿಟ್ಟೆ. ಅದು ನೆಟ್ಟಗೆ ಹೋಗಿ ಗೋಲಿನೊಳಗೆ ನಿಂತಿತು. ಚಿನ್ನಿ ನನ್ನ ಮುಖ ನೋಡಿದಳು, ಓಡಿಹೋಗಿ ಚೆಂಡನ್ನು ಮುಟ್ಟಿ ಕಣ್ಣಿಗೊತ್ತಿಕೊಂಡಳು, ಒದ್ದಳು. ಅವಳ ಗೆಳತಿಯೂ ಹಾಗೇ ಮಾಡಿದಳು. ನೋಡುನೋಡುತ್ತ ಇಡೀ ತಂಡವೇ ನಮಸ್ಕಾರ ಮಾಡಿ ಒದೆಯತೊಡಗಿತು. ನನಗೆ ಹೋದ ಜೀವ ಬಂದಂತಾಯಿತು.

ಜೀವದ ಜೊತೆ ಸ್ವಲ್ಪ ಜಂಬವೂ ಬಂತು. ಹಾಗಾದರೆ ನಾನು ಗೆದ್ದೆನಾ ಎಂದು, ಬೆವರು ಒರೆಸಿಕೊಳ್ಳಲು ಬಂದು ನನ್ನ ಸೆರಗು ಹಿಡಿದ ಚಿನ್ನಿಯನ್ನು ಕೇಳಿದೆ.

"ಇಲ್ಲಿ ಯಾರೂ ಗೆಲ್ಲಲ್ಲ ಅಜ್ಜಿ, ಸುಮ್ನೆ ಆಡ್ತೀವಿ" ಎಂದು ಹೇಳಿ ಅವಳು ಸೆರಗು ಬಿಟ್ಟು ಓಡಿದಳು.

ನಿಜ, ಒಳ್ಳೆಯ ನೀತಿಯೇ. ಆದರೂ ಮನೆಗೆ ಬರುವಾಗ ಬನ್ನು ಕೊಳ್ಳುತ್ತ ಬೇಕರಿಯವರಿಗೆ ನನ್ನ ಗೋಲಿನ ಸುದ್ದಿ ಹೇಳದೆ ಇರಲಾಗಲಿಲ್ಲ. ನಮ್ಮ ಕಡೆ ಬನ್ನು ಮಾರುವವರಿಗೂ ಫುಟ್‌ಬಾಲಿನ ಮರ್ಮ ಗೊತ್ತು. ಗೋಲು ಕಾಯಲು ಯಾರು ನಿಂತಿದ್ದರು ಎಂದು ಕೇಳಿಯೇಬಿಟ್ಟರು. ಐದು ವರ್ಷದ ಹುಡುಗನೊಬ್ಬ ಬೆನ್ನು ತಿರುಗಿಸಿಕೊಂಡು ನೀರು ಕುಡಿಯುತ್ತಿದ್ದ ಎಂದು ಹೇಳಲು ನನಗೆ ಬಾಯೇ ಬರಲಿಲ್ಲ.