ನಮ್ಮತ್ತೆಯ ಮುರಿದ ಕಾಲೂ ಮಾವನವರ ಆಯುಸ್ಸೂ

ನಮ್ಮತ್ತೆಗೆ ಜಗಳವಾಡಲು ಎದುರಿಗೆ ಮನುಷ್ಯರೇ ಇರಬೇಕೆಂದೇನೂ ಇರಲಿಲ್ಲ. ಉರಿಯದ ಸೌದೆ, ಮುಚ್ಚಿಕೊಳ್ಳದ ಬಾಗಿಲು, ಯಾವುದಾದರೂ ಆದೀತು! ಮೈಸೂರಿನಲ್ಲಿ ಬೆಳೆದ ನಾನು ಮದುವೆಯಾಗಿ ಗುಂಡ್ಲುಪೇಟೆಗೆ ಬಂದ ಹೊಸತು. ಐವತ್ತರ ದಶಕದ ಮಾತು. ಹಿತ್ತಲಲ್ಲಿ ಅತ್ತೆ ಯಾರದೋ ಜನ್ಮ ಜಾಲಾಡುತ್ತಿರುವುದು ಕೇಳಿ ಓಡಿಹೋದೆ. ನೋಡಿದರೆ ಅಲ್ಲಿದ್ದದ್ದು ಅವರು ಮತ್ತು ಒಂದು ಕುಂಬಳದ ಬಳ್ಳಿ. ಬಳ್ಳಿ ಬೇಲಿ ದಾಟಿ ಪಕ್ಕದ ಮನೆಯಲ್ಲಿ ಕಾಯಿ ಬಿಟ್ಟಿತ್ತಂತೆ. "ತಿನ್ನಾದು ನಮ್ಮನೆ ಗೊಬ್ರ, ಕಾಯಿ ಬುಡಾದು ಅವ್ರ ಮನೇಲಾ?" ಎಂದು ವಿಚಾರಣೆ ನಡೆದಿತ್ತು.

ಇಂಥವರು ಒಂದು ಬೆಳಗ್ಗೆ ಒರಳು ತೊಳೆಯಲೆಂದು ಗುಂಡುಕಲ್ಲನ್ನು ಎತ್ತಿ ಪಕ್ಕಕ್ಕಿಟ್ಟರು. ಅದು ಉರುಳಿಬಂದು ಅವರ ಕಿರುಬೆರಳಿಗೆ ತಗುಲಿತು. ನಾವು ನೀವಾಗಿದ್ದರೆ ಬೆರಳು ಉಜ್ಜಿಕೊಂಡು ಸುಮ್ಮನಾಗುತ್ತಿದ್ದೆವು. ಅತ್ತೆ ಸೆರಗು ಸಿಕ್ಕಿಸಿ, ನಾಲ್ಕು ಹೆಜ್ಜೆ ಹಿಂದೆ ಹೋಗಿ, ಓಡಿಬಂದು ಆ ಕಲ್ಲಿಗೆ ಒದ್ದರು! ಲಟಕ್ ಎಂಬ ಸದ್ದು ಅಡುಗೆಮನೆಯಲ್ಲಿದ್ದ ನನಗೇ ಕೇಳಿಸಿತು. ಓಡಿದೆ. ನೆಲದ ಮೇಲೆ ಕೂತಿದ್ದಾರೆ, ಪಾದ ನೋಡಬಾರದ ದಿಕ್ಕಿಗೆ ನೋಡುತ್ತಿದೆ.

"ಕಲ್ಲು ಸೀಳ್ತಾ ನೋಡಮ್ಮಿ!" ಅಂದರು.

ಸೀಳಿರಲಿಲ್ಲ. ಅದನ್ನು ಹೇಳುವ ಧೈರ್ಯ ನನಗೆಲ್ಲಿ ಬರಬೇಕು?

ಮೊದಲು ಮೂಳೆ ಕಟ್ಟುವವನು ಬಂದ. ಬಿದಿರಿನ ದಬ್ಬೆ, ಬಟ್ಟೆ, ಉದ್ದಿನ ಹಿಟ್ಟು ಎಲ್ಲ ಹರಡಿಕೊಂಡು, ಕೊನೆಗೆ ಚೀಲದಿಂದ ಮೊಟ್ಟೆ ತೆಗೆದ. ಲಿಂಗಪೂಜೆಯ ಮನೆ! ನಡುಮನೆಯಲ್ಲಿ ಮೊಟ್ಟೆ!

"ಲೇಪಕ್ಕೆ ಕಣವ್ವ, ತಿನ್ನಕ್ಕಲ್ಲ," ಎಂದ ಪಾಪ.

"ನನ್ ಕಾಲ್ಗೆ ಬಾಯಿಲ್ದಿದ್ರೇನ್ಲಾ, ಕುಲ ಇಲ್ವಾ?" ಎಂದು ಅತ್ತೆ ದಬ್ಬೆಯನ್ನೇ ಬೀಸಿದರು. ಅವನು ಮೊಟ್ಟೆಯನ್ನು ಎದೆಗವಚಿಕೊಂಡು ಓಡಿದ.

ಅದಕ್ಕೇ ಚಾಮರಾಜನಗರದ ಆಸ್ಪತ್ರೆ. ಮೂಳೆಯ ಆಪರೇಷನ್ ಮಾಡುವ ಡಾಕ್ಟರು ಮೈಸೂರಿನಿಂದ ರೈಲಿನಲ್ಲಿ ಅಲ್ಲಿಗೆ ಬರುತ್ತಿದ್ದರು. ನನ್ನ ಯಜಮಾನರು ಬಂಡೀಪುರದ ಕಾಡಿನಲ್ಲಿ ಡ್ಯೂಟಿಯ ಮೇಲಿದ್ದದ್ದರಿಂದ, ಅತ್ತೆಯನ್ನು ಬಸ್ಸಿನಲ್ಲಿ ಮಲಗಿಸಿಕೊಂಡು ಹೊರಟವರು ನಾನು ಮತ್ತು ಮಾವನವರು. ಮಾವನವರದು ಅರಿಶಿನದ ವ್ಯಾಪಾರ. ಬಾಯಿಂದ ನಾಲ್ಕು ಮಾತು ಬಂದರೆ ಅಂದು ಹಬ್ಬ. ಹೆಸರು ಮಾದಪ್ಪ.

ತಾಪತ್ರಯವೆಲ್ಲ ಆ ಹೆಸರಿನದೇ. ಗಂಡನ ಹೆಸರು ಹೇಳಿದರೆ ಅವನ ಆಯುಸ್ಸು ಕಡಿಮೆಯಾಗುತ್ತದೆಂಬುದು ಅತ್ತೆಯ ಅಚಲ ನಂಬಿಕೆ. ನಮ್ಮ ಸೀಮೆಯಲ್ಲಿ ಎಡವಿದರೂ ಜನ ಕರೆಯುವುದು ಬೆಟ್ಟದ ಮಾದಪ್ಪನನ್ನೇ. ಅತ್ತೆ ಮಾತ್ರ ದೇವರನ್ನೂ ಹೆಸರು ಹಿಡಿದು ಕರೆದವರಲ್ಲ! ಬಸ್ಸು ಗುಂಡಿಗೆ ಬಿದ್ದಾಗೆಲ್ಲ "ಅಯ್ಯೋ ಬೆಟ್ಟದಯ್ಯಾ!" ಎಂದೇ ಚೀರಿದರು. ಅಷ್ಟು ನೋವಿನಲ್ಲೂ ತಪ್ಪಲಿಲ್ಲ ನೋಡಿ.

ಆಸ್ಪತ್ರೆಯಲ್ಲಿ ನರ್ಸಮ್ಮ ಕೇಳಿದರು, "ಗಂಡನ ಹೆಸರು?"

"ಅವ್ರೇ ನಿಂತವ್ರಲ್ಲ, ಕೇಳಿ."

"ನೀವು ಹೇಳಬಾರದೇ?"

"ನಿಮ್ಗೆ ನನ್ ಕಾಲು ಬೇಕಾ, ನನ್ ತಾಳಿ ಬೇಕಾ?"

ನರ್ಸಮ್ಮ ಬೆಚ್ಚಿಬಿದ್ದು ಮಾವನವರ ಕಡೆ ತಿರುಗಿದರು.

ಕ್ಲೋರೋಫಾರಂ ಮೂಗಿಗೆ ಹಿಡಿದು ಆಪರೇಷನ್ ಶುರುಮಾಡಿದರು. ನಾನೂ ಮಾವನವರೂ ಹೊರಗೆ ಜಗಲಿಯಲ್ಲಿ ಕೂತಿದ್ದೆವು. ಅರಿಶಿನದ ಮಂಡಿಯ ಪರಿಚಯದವರೂ ಒಂದಿಬ್ಬರು ಬಂದಿದ್ದರು. ಒಳಗೆ ಸದ್ದಿಲ್ಲ. ಇನ್ನೇನು ನಿಟ್ಟುಸಿರು ಬಿಡಬೇಕು, ಅಷ್ಟರಲ್ಲಿ ಗೋಡೆ ನಡುಗುವ ಹಾಗೆ ಅತ್ತೆಯ ಮತ್ತಿನ ಕೂಗು!

"ಲೋ ಮಾದಾ! ಎಲ್ಲೋಗಿದ್ದೀಯ್ಲಾ? ನನ್ ಕಾಲ್ ಕುಯ್ತಾವ್ರೆ ಕಣ್ಲಾ! ಬಾರ್ಲಾ ಇಲ್ಲಿ!"

ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಮಂಡಿಯವರು ಸೂರು ನೋಡಿದರು. ಇಡೀ ಪೇಟೆ 'ಸಾಹುಕಾರರೇ' ಎನ್ನುವ ಮನುಷ್ಯನಿಗೆ 'ಲೋ'! ಮಾವನವರು ಸಿಟ್ಟಿನಿಂದ ಎದ್ದು ಹೋಗುತ್ತಾರೆಂದುಕೊಂಡೆ. ಎದ್ದದ್ದೇನೋ ಹೌದು. "ಬಂದೆ, ಬಂದೆ ಕಣಾ!" ಎನ್ನುತ್ತಾ, ರುಮಾಲು ಬಿದ್ದದ್ದನ್ನೂ ನೋಡದೆ, ನೆಟ್ಟಗೆ ಆಪರೇಷನ್ ಕೋಣೆಗೇ ನುಗ್ಗಿದರು! ಒಳಗಿನವರು ಅವರನ್ನು ಹೊರಗೆ ದಬ್ಬಿ ಅಗುಳಿ ಹಾಕಿಕೊಳ್ಳಬೇಕಾಯಿತು.

ಮುರಿದ ಮೂಳೆ ಜೋಡಿಸಿ ಪ್ಲಾಸ್ಟರ್ ಹಾಕಿದರು. ಎಚ್ಚರವಾದ ಮೇಲೆ ನರ್ಸಮ್ಮ ತಮಾಷೆಗೆ, "ಏನಮ್ಮಾ, ಅಷ್ಟು ಬಿಗುಮಾನ ಮಾಡಿದಿರಿ, ಈಗ ಲೋ ಮಾದ ಅಂತ ಊರಿಗೆಲ್ಲ ಕೇಳಿಸಿದಿರಲ್ಲ!" ಅಂದರು.

ಅತ್ತೆ ಅವರ ಮೇಲೆ ಹರಿಹಾಯುತ್ತಾರೆಂದು ನಾನು ಸಜ್ಜಾದೆ. ಅವರು ತಾಳಿಯನ್ನು ಎರಡು ಕೈಯಲ್ಲೂ ಗಟ್ಟಿಯಾಗಿ ಹಿಡಿದುಕೊಂಡರು. ಮುಖ ಬಿಳಿಚಿಕೊಂಡಿತು. ಗುಂಡುಕಲ್ಲಿಗೆ ಹೆದರದ ಹೆಂಗಸು ಹೆದರಿದ್ದನ್ನು ನಾನು ಕಂಡದ್ದು ಆಗಲೇ.

ಗುಂಡ್ಲುಪೇಟೆಗೆ ಮರಳಿದ ಮೇಲೆ ಮನೆಯಲ್ಲಿ ಜಗಳವೇ ಇಲ್ಲ! ಕುಂಬಳದ ಬಳ್ಳಿ ತನಗೆ ಬೇಕಾದ ಕಡೆ ಹಬ್ಬಿತು. ಮಾವನವರು ಕೆಮ್ಮಿದರೆ ಸಾಕು, ಅತ್ತೆ ಕಂಬಕ್ಕೊರಗಿದ ಜಾಗದಿಂದಲೇ ಕಣ್ಣೀರು ಹಾಕುವರು. ದಿನ ಕಳೆದು ಪ್ಲಾಸ್ಟರನ್ನೂ ಬಿಚ್ಚಿಸಿಕೊಂಡು ಬಂದೆವು. ಮೂಳೆ ಕೂಡಿದೆ, ಇನ್ನು ಕಾಲೂರಿ ನಡೆಯಬೇಕು, ಈಗ ನಡೆಯದಿದ್ದರೆ ಕೀಲು ಬಿಗಿದು ಜನ್ಮಪೂರ್ತಿ ಕುಂಟು ಎಂದು ಡಾಕ್ಟರು ಖಡಾಖಂಡಿತ ಹೇಳಿದ್ದರು. ಅತ್ತೆ ಕಾಲೂರಲಿಲ್ಲ. ಕೈಯೂರಿ ತೆವಳಿದರು. ಬೇಡಿದೆ, ಬೈದೆ, ಊಹೂಂ. ಕೊನೆಗೆ ತಡೆಯಲಾರದೆ ಕಾಲು ಹಿಡಿದುಕೊಂಡು ಕೇಳಿದೆ, ಯಾಕೆ ಹೀಗೆ ಮಾಡ್ತೀರಿ ಅಂತ.

"ಬೆಟ್ಟದಯ್ಯನ್ಗೆ ಮಾತು ಕೊಟ್ಟುಬುಟ್ಟಿವ್ನಿ ಕಣಮ್ಮಿ," ಎಂದರು ಪಿಸುದನಿಯಲ್ಲಿ. "ನನ್ ಕಾಲು ನೀನೇ ಮಡಿಕೊ, ಅವ್ರ ಆಯಸ್ಸ ಬುಟ್ಟುಬುಡು ಅಂತ. ಈಗ ನಡುದ್ರೆ ಅವ್ರ ಗತಿಯೇನು?"

ಇದಕ್ಕೆ ಯಾವ ಡಾಕ್ಟರು ಮದ್ದು ಕೊಡುತ್ತಾನೆ? ಮಾವನವರಿಗೆ ಹೋಗಿ ಹೇಳಿದೆ.

ಮರುದಿನ ಊಟವಾದ ಮೇಲೆ ಅವರು ನಡುಮನೆಯ ಆಚೆ ಗೋಡೆಗೊರಗಿ ಕೂತರು. ಅತ್ತೆ ಈಚೆ ಕಂಬಕ್ಕೆ. ನಾನು ತಟ್ಟೆ ಎತ್ತುತ್ತಿದ್ದೆ. ಎಂದೂ ಮಾತಾಡದವರು ಮಾತಾಡಿದರು.

"ಏನೋ ಯಾಪಾರ ಕುದುರಿಸ್ದೆಯಂತೆ ದೇವ್ರ ತಾವು. ನನ್ನೊಂದು ಮಾತು ಕೇಳಬೇಡ್ವಾ?"

ಅತ್ತೆ ಕಾಲನ್ನು ಸೀರೆಯೊಳಕ್ಕೆ ಎಳೆದುಕೊಂಡರು.

"ನೀನು ಇಲ್ಲಿ ತೆವಳ್ಕೊಂಡಿರು, ನಾನು ಒಬ್ನೇ ನೂರು ವರ್ಷ ಓಡಾಡ್ಕೊಂಡಿರ್ಬೇಕಾ? ಅಂಥ ಆಯಸ್ಸು ನಂಗ್ಯಾಕೆ? ಬ್ಯಾಡ ಕಣಾ. ಅದ್ರ ಬದ್ಲು ನಾನು ನಾಳೇನೇ ಸತ್ತೋ..."

ಮಾತು ಮುಗಿಯಲಿಲ್ಲ. ಅತ್ತೆ ಎದ್ದುಬಿಟ್ಟರು! "ಬುಡ್ತು ಅನ್ನಿ! ಬುಡ್ತು ಅನ್ನಿ!" ಎಂದು ಕಿರುಚುತ್ತಾ ನಡುಮನೆ ದಾಟಿಬಂದು, ಬಗ್ಗಿ, ಅವರ ಬಾಯನ್ನು ಅಂಗೈಯಿಂದ ಒತ್ತಿ ಮುಚ್ಚಿದರು.

ನಾನು ತಟ್ಟೆ ಕೆಳಗಿಟ್ಟು, "ಅತ್ತೇ, ನಿಮ್ಮ ಕಾ..." ಎಂದು ಬಾಯಿ ತೆಗೆದೆ. ಮಾವನವರು ಆ ಕೈಯ ಹಿಂದಿನಿಂದಲೇ, ಬೇಡ, ಹೇಳಬೇಡ ಎಂದು ಕಣ್ಣಿನಲ್ಲೇ ಬೇಡಿಕೊಂಡರು. ಎಲ್ಲಿ ಹರಕೆ ನೆನಪಾಗಿ ಮತ್ತೆ ಕೂತುಬಿಡುತ್ತಾಳೋ ಎಂಬ ಭಯ ಅವರಿಗೆ. ಅತ್ತೆ ಎರಡೂ ಕಾಲೂರಿ ನಿಂತೇ ಇದ್ದರು. ಮಾವನವರ ಕಣ್ಣೀರು ಇಳಿದು ಅತ್ತೆಯ ಬೆರಳು ಒದ್ದೆಯಾಗುತ್ತಿತ್ತು.