ಕೈಗವಸಿನವನ ಮಗನೂ ನಮ್ಮ ಹಟ್ಟಿ ಗೌಡರೂ

ನಂಬುವುದಕ್ಕೆ ಯಾರಾದರೂ ಸಾಕು, ಅನುಮಾನ ಪಡುವುದಕ್ಕೆ ಮಾತ್ರ ಬುದ್ಧಿ ಬೇಕು ಎಂದು ನಾನು ಬಹಳ ಕಾಲ ತಿಳಿದಿದ್ದೆ. ಊಟಿಯ ಒಂದು ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಹೇಳುವ ನನಗೆ ಅನುಮಾನಿಸಲು ಸಿಕ್ಕವನು ನಾಲ್ಕು ಶತಮಾನದ ಹಿಂದೆ ಇಂಗ್ಲೆಂಡಿನಲ್ಲಿ ನಾಟಕಗಳನ್ನು ಬರೆದ, ಅಥವಾ ಬರೆದನೆಂದು ಪಾಪದ ಜನ ನಂಬಿಕೊಂಡಿರುವ ಮಹಾಶಯ. ಹೆಸರು ಹೇಳುವುದಿಲ್ಲ; ಜಗಳವೇ ಹೆಸರಿನದು. ಅವನ ಅಪ್ಪ ಕೈಗವಸು ಹೊಲಿದು ಮಾರುತ್ತಿದ್ದನಂತೆ. ಮಗ ಓದಿದ್ದು ಊರ ಶಾಲೆಯಲ್ಲಿ. ದೇಶ ಬಿಟ್ಟು ಹೋದದ್ದಕ್ಕೆ ದಾಖಲೆಯಿಲ್ಲ. ಇಂಥವನು ರಾಜರ ಅಂತಃಪುರ, ಇಟಲಿಯ ಬೀದಿ, ನ್ಯಾಯಾಲಯದ ವಾದ ಎಲ್ಲವನ್ನೂ ಬರೆದನೆಂದರೆ ಯಾರಾದರೂ ಒಪ್ಪುವ ಮಾತೇ? ಬರೆದವನು ಯಾರೋ ಒಬ್ಬ ದೊಡ್ಡ ಜಮೀನ್ದಾರ, ಮಾನಕ್ಕೆ ಅಂಜಿ ಈ ಬಡಪಾಯಿಯ ಹೆಸರನ್ನು ಮುಂದೆ ಬಿಟ್ಟ ಎನ್ನುವ ಪಂಗಡಕ್ಕೆ ನಾನು ಸೇರಿದ್ದೆ. ಸೇರಲು ಪ್ರವೇಶ ಶುಲ್ಕವಿಲ್ಲ, ನಾಟಕಗಳನ್ನು ಪೂರ್ತಿ ಓದಿರಬೇಕೆಂಬ ನಿಬಂಧನೆಯೂ ಇಲ್ಲ.

ಈ ಜ್ಞಾನವನ್ನು ನಾನು ಸ್ಟಾಫ್ ರೂಮಿನಲ್ಲಿ ಹಂಚುತ್ತಿದ್ದೆ. ಅಲ್ಲಿ ನನ್ನ ವಿರುದ್ಧ ನಿಂತಿದ್ದವರು ಒಬ್ಬರೇ, ಗೂಡಲೂರು ಕಡೆಯ ಕೆಮಿಸ್ಟ್ರಿ ಮೇಷ್ಟ್ರು. "ಮಾಷೇ, ಅಪ್ಪ ಗ್ಲೌಸು ಹೊಲಿದರೆ ಮಗನ ತಲೆಯೂ ಹೊಲಿದು ಹೋಗುತ್ತದಾ?" ಎಂದು ಕೇಳುತ್ತಿದ್ದರು. ಆಸಿಡ್ಡು ಕುದಿಸುವವರಿಗೆ ಸಾಹಿತ್ಯದ ಸೂಕ್ಷ್ಮ ತಿಳಿಯುವುದಿಲ್ಲ ಎಂದು ನಾನು ಕ್ಷಮಿಸುತ್ತಿದ್ದೆ. ಸಂಜೆ ನಮ್ಮ ಹಟ್ಟಿಗೆ ಮರಳುವ ಕೆತ್ತಿಯ ಬಸ್ಸಿನಲ್ಲಿ ಪಕ್ಕದಲ್ಲಿ ಕುಳಿತವರಿಗೆ ಉಳಿದದ್ದನ್ನು ಹೇಳುತ್ತಿದ್ದೆ. ಆ ಪಕ್ಕದವನು ಸಾಮಾನ್ಯವಾಗಿ ನನ್ನ ಚಿಕ್ಕಪ್ಪನ ಮಗ ನಂಜ ಆಗಿರುತ್ತಿದ್ದ. ಟೀ ಫ್ಯಾಕ್ಟರಿಗೆ ಎಲೆ ಸಾಗಿಸುವ ಲಾರಿ ಕೆಟ್ಟ ದಿನಗಳಲ್ಲಿ ಅವನು ಬಸ್ಸಿಗೆ ಬರುತ್ತಿದ್ದ. ಆ ಲಾರಿ ಮೇಲಿಂದ ಮೇಲೆ ಕೆಡುತ್ತಿತ್ತು. ಮನೆಯಲ್ಲಿ ಹೆಂಡತಿಗೂ ಹೇಳಿದೆ: ಆ ನಾಟಕಕಾರ ತನ್ನ ಉಯಿಲಿನಲ್ಲಿ ಒಂದು ಪುಸ್ತಕದ ಹೆಸರನ್ನೂ ಎತ್ತಿಲ್ಲ, ಹೆಂಡತಿಗೆ ಮನೆಯ ಎರಡನೇ ದರ್ಜೆಯ ಮಂಚ ಬಿಟ್ಟು ಹೋಗಿದ್ದಾನೆ, ಇವನು ಕವಿಯೇ? ಅವಳು ಸೊಪ್ಪು ಸೋಸುತ್ತಾ, "ಮಂಚ ಆದರೂ ಬಿಟ್ಟು ಹೋದನಲ್ಲ. ಎನಗ ನೀ ಏನ ಬಿಟ್ಟು ಹೋಗುತ್ತೀ, ಅವನ ಮೇಲಿನ ಅನುಮಾನವಾ?" ಎಂದಳು. ಮಂಜೂರು ಕಡೆಯ ಹೆಣ್ಣುಮಕ್ಕಳಿಗೆ ಮಾತು ತವರಿನ ಬಳುವಳಿ.

ಚಹಾ ಎಲೆಯ ಬೆಲೆ ನೆಲಕ್ಕೆ ಬಿದ್ದು, ಹಟ್ಟಿಯಲ್ಲಿ ಕೆಲಸ ಕಡಿಮೆಯಾಗಿ ಮಾತು ಜಾಸ್ತಿಯಾಗಿದ್ದ ಕಾಲ ಅದು. ಹಬ್ಬಕ್ಕೆ ಒಂದು ಹೊಸ ನಾಟಕ ಆಡಬೇಕೆಂದು ತೀರ್ಮಾನವಾಯಿತು. ಬರೆಯುವವರು ಯಾರು ಎಂದಾಗ ಎಲ್ಲರೂ ನನ್ನ ಮುಖ ನೋಡಿದರು, ಏಕೆಂದರೆ ಕೈಯಲ್ಲಿ ಪೆನ್ನು ಹಿಡಿದು ಸಂಬಳ ತಿನ್ನುವವನು ನಾನೊಬ್ಬನೇ. ನಮ್ಮ ಹಿರಿಯರು ಮೈಸೂರು ರಾಜ್ಯದಿಂದ ಓಡಿ ಬಂದು, ಮೋಯಾರು ಹೊಳೆ ದಾಟಿ ಈ ಬೆಟ್ಟ ಹತ್ತಿದ ಕಥೆಯನ್ನು ತೆಗೆದುಕೊಂಡೆ. ನಿಜ ಹೇಳುತ್ತೇನೆ, ಬರೆಯುತ್ತಾ ಬರೆಯುತ್ತಾ ಆ ನಾಟಕದ ಮೇಲೆ ನನಗೆ ಪ್ರೀತಿ ಹುಟ್ಟಿತು. ಹೊಳೆ ದಾಟುವಾಗ ತಾಯಿ ಆಡುವ ಮಾತನ್ನು ಬರೆದ ದಿನ ಕಣ್ಣು ಒದ್ದೆಯಾಗಿ, ಆಮೇಲೆ ಯಾರಾದರೂ ನೋಡಿದರೇ ಎಂದು ಸುತ್ತ ನೋಡಿದೆ. ನನ್ನ ಅಕ್ಷರ ನನಗೇ ಓದಲು ಬಾರದ್ದರಿಂದ ಹೆಂಡತಿ ಅದನ್ನು ಕೇಳಿ ಕೇಳಿ ದುಂಡಗೆ ನಕಲು ಮಾಡಿಕೊಟ್ಟಳು; ನನ್ನ ಕರಡು ಒಲೆ ಸೇರಿತು.

ಇಲ್ಲಿ ನಮ್ಮ ಪದ್ಧತಿಯೊಂದನ್ನು ಹೇಳಬೇಕು. ಹಟ್ಟಿಯಲ್ಲಿ ಯಾವ ಹೊಸ ಕೆಲಸ ಶುರುವಾಗಬೇಕಾದರೂ ಅದು ಹಿರಿಯರ ಕೈಯಿಂದ ಹೊರಡಬೇಕು. ಬಿತ್ತನೆಯ ಬೀಜವನ್ನು ಅವರ ಕೈಗೆ ಕೊಟ್ಟು, ತಲೆ ಬಾಗಿಸಿ, ಆಶೀರ್ವಾದ ಪಡೆದು, ಅವರ ಕೈಯಿಂದಲೇ ಹಿಂದಕ್ಕೆ ತೆಗೆದುಕೊಳ್ಳುತ್ತೇವೆ. ನಾಟಕವೂ ಹಾಗೆಯೇ. ಹಬ್ಬದ ಅಂಗಳದಲ್ಲಿ ಎಲ್ಲರೆದುರು ನಾನು ಬರೆದದ್ದನ್ನು ಹಟ್ಟಿ ಗೌಡರಾದ ಹಾಲಗೌಡ ದೊಡ್ಡಪ್ಪನ ಕೈಗಿಟ್ಟು ತಲೆ ಬಾಗಿಸಿದೆ. ಅವರು ನನ್ನ ತಲೆ ಮುಟ್ಟಿ, "ಒಂದು ಒಂಬತ್ತಾಗಲಿ, ಒಂಬತ್ತು ನೂರಾಗಲಿ" ಎಂದು ಹರಸಿದರು. ಆಮೇಲೆ ಆ ಕಟ್ಟನ್ನು ನನಗೆ ಹಿಂದಿರುಗಿಸದೆ, ರಾಜನ ಪಾತ್ರ ಹಾಕುವ ನಂಜನ ಕೈಗೆ ಕೊಟ್ಟರು. ಆ ಕ್ಷಣದಲ್ಲಿ ಅದರಲ್ಲಿ ನನಗೇನೂ ತಪ್ಪು ಕಾಣಲಿಲ್ಲ. ಹಟ್ಟಿಗೆ ಹಟ್ಟಿಯೇ ಕಣ್ಣಾರೆ ಕಂಡದ್ದು ಮಾತ್ರ ಇಷ್ಟು: ನಾಟಕವನ್ನು ಕೊಟ್ಟವರು ಗೌಡರು, ಎದುರು ತಲೆ ಬಾಗಿಸಿ ನಿಂತವನು ನಾನು.

ದೊಡ್ಡಪ್ಪ ಒಂದು ತಿದ್ದುಪಡಿಯನ್ನೂ ಸೂಚಿಸಿದರು. ನಾಟಕದಲ್ಲಿ ನಮ್ಮವರ ಮನೆಗೆ ಬರುವ ರಾಜನಿಗೆ ಟೀ ಕೊಡದೆ ಕಳಿಸುವುದು ಮರ್ಯಾದೆಯಲ್ಲ ಎಂದರು. ಆ ಕಾಲಕ್ಕೆ ಈ ಬೆಟ್ಟದಲ್ಲಿ ಟೀ ಗಿಡವೇ ಇರಲಿಲ್ಲ ಎಂದೆ. "ಗಿಡ ಇಲ್ಲೆ ಅಂದರೆ ಮರ್ಯಾದೆಯೂ ಇಲ್ಲೆಯಾ?" ಎಂದರು. ರಾಜ ಟೀ ಕುಡಿದ. ಹೊಳೆ ದಾಟುವ ತಾಯಿಯ ಮಾತಿಗೆ ಜನ ಮೂಗು ಒರೆಸಿಕೊಂಡರು, ಟೀಗೆ ಮಾತ್ರ ಎದ್ದು ನಿಂತು ಶಿಳ್ಳೆ ಹೊಡೆದರು.

ನಾಟಕ ಹೆಸರು ಮಾಡಿತು. ಊಟಿಯ ಸೀಸನ್ ಹಬ್ಬದಲ್ಲಿ ಅದನ್ನು ಆಡಿಸಿ, ಬರೆದವರಿಗೆ ಶಾಲು ಹೊದಿಸಬೇಕೆಂದು ಸಮಿತಿಯವರು ಜೀಪಿನಲ್ಲಿ ಹಟ್ಟಿಗೆ ಬಂದರು. ಆ ಹೊತ್ತಿನಲ್ಲಿ ನಾನು ಕಾಲೇಜಿನಲ್ಲಿ, ಕೈಗವಸಿನವನ ಮಗನ ಮಾನ ಕಳೆಯುತ್ತಿದ್ದೆ. "ಯಾರು ಬರೆದದ್ದು?" ಎಂದು ಅವರು ಕೇಳಿದರು. ಅಂಗಳದಲ್ಲಿದ್ದವರೆಲ್ಲ ದೊಡ್ಡಪ್ಪನ ಜಗುಲಿಯ ಕಡೆ ಕೈ ತೋರಿಸಿದರು. ದೊಡ್ಡಪ್ಪ ಅಲ್ಲವೆನ್ನಲಿಲ್ಲ.

ನನಗೆ ಸಿಟ್ಟು ಬಂತು. ಶಾಲಿಗಾಗಿ ಅಲ್ಲ, ಊಟಿಯ ಚಳಿಯಲ್ಲಿ ಯಾರ ಮನೆಯಲ್ಲೂ ಶಾಲಿಗೆ ಬರವಿಲ್ಲ. ಆ ನಾಟಕ ನನ್ನದು, ನಾನು ಮಾಡಿದ ಒಂದೇ ಒಂದು ಒಳ್ಳೆಯ ಕೆಲಸ. ಅದಕ್ಕೂ ಮಿಗಿಲಾಗಿ, ಹೆಂಡತಿ ಮಂಜೂರಿನ ತನ್ನ ಬಳಗಕ್ಕೆಲ್ಲ ಸನ್ಮಾನದ ದಿನ ಬನ್ನಿ ಎಂದು ಹೇಳಿಯಾಗಿತ್ತು. ಮೊದಲು ನಂಜನನ್ನು ಹಿಡಿದೆ.

"ಅಣ್ಣಾ, ಕೋಪ ಬೇಡ," ಎಂದ ಅವನು. "ನೀ ಮೈಸೂರು ಅರಮನೆ ಒಳಗ ಹೋಗಿದ್ದೀಯಾ?"

"ಇಲ್ಲ."

"ದೊಡ್ಡಪ್ಪ ಹೋಗಿದ್ದಾನೆ. ದಸರಾ ನೋಡಿದ್ದಾನೆ. ನಿನ್ನಪ್ಪ ಎಲೆ ಮೂಟೆ ಹೊತ್ತವ. ರಾಜ ಹೆಂಗ ಮಾತಾಡುತ್ತಾನೆ ಅಂತ ನಿನಗ ಹೆಂಗ ಗೊತ್ತು? ದೊಡ್ಡ ಮನುಷ್ಯರು ಬರೆದು, ಸಣ್ಣವರ ಕೈಯಲ್ಲಿ ಮುಂದೆ ಕಳಿಸುವುದು ಉಂಟು, ಅಲ್ಲವಾ?"

ಈ ವಾದವನ್ನು ಎಲ್ಲೋ ಕೇಳಿದ ಹಾಗಿದೆಯಲ್ಲ ಎನ್ನಿಸಿತು. ಕೇಳಿದ್ದು ಕೆತ್ತಿಯ ಬಸ್ಸಿನಲ್ಲಿ, ನನ್ನದೇ ಬಾಯಿಂದ. ಇಷ್ಟು ಶ್ರದ್ಧೆಯ ವಿದ್ಯಾರ್ಥಿ ನನಗೆ ಕಾಲೇಜಿನಲ್ಲಿ ಒಬ್ಬನೂ ಸಿಕ್ಕಿರಲಿಲ್ಲ. ಅವನ ಬಳಿಯೇ ಇದ್ದ ಪ್ರತಿಯನ್ನು ತೆಗೆಸಿ ತೋರಿಸಿದರೆ, "ಇದು ಅತ್ತಿಗೆಯ ಅಕ್ಷರ" ಎಂದ. ಈ ಸುದ್ದಿ ಮಂಜೂರು ಮುಟ್ಟಿದ ಮೇಲೆ ಅಲ್ಲಿ ಮೂರನೆಯ ಪಂಗಡವೊಂದು ಹುಟ್ಟಿತು: ನಾಟಕ ಬರೆದದ್ದು ನಮ್ಮ ಮಗಳು, ಅಳಿಯನಿಗೆ ಅಷ್ಟು ಎಲ್ಲಿ ಬರುತ್ತದೆ! ಹೆಂಡತಿ ಆ ಪಂಗಡವನ್ನು ಖಂಡಿಸಿದಳು, ಆದರೆ ಗಂಟಲು ಅಷ್ಟು ಗಟ್ಟಿಯಾಗಿರಲಿಲ್ಲ.

ಕೊನೆಗೆ ದೊಡ್ಡಪ್ಪನ ಜಗುಲಿಗೇ ಹೋದೆ. ನಾನು ಬಾಯಿ ತೆರೆಯುವ ಮೊದಲೇ ಅವರು ಪಕ್ಕದಲ್ಲಿ ಕೂರಿಸಿಕೊಂಡು, ಟೀ ತರಿಸಿ, "ಒಳ್ಳೆ ಹೊತ್ತಿಗೆ ಬಂದೆ, ಕೂಸು. ಮೇಡೆ ಮೇಲೆ ಮಾತಾಡಬೇಕಂತೆ. ಎನಗ ನಾಲ್ಕು ಮಾತು ಬರೆದು ಕೊಡು. ನೀ ಬರೆದರೆ ಚೆಂದ ಇರುತ್ತದೆ" ಎಂದರು. ಅವರ ಮುಖದಲ್ಲಿ ಕಪಟದ ಗೆರೆಯಿರಲಿಲ್ಲ. ಹಟ್ಟಿಯ ಬೀಜ ಹಟ್ಟಿಯದು, ಹಟ್ಟಿಯ ನಾಟಕ ಹಟ್ಟಿಯದು, ಎರಡೂ ಹೊರಡುವುದು ತನ್ನ ಕೈಯಿಂದ. ಅವರ ಲೆಕ್ಕದಲ್ಲಿ ಬರೆಯುವುದು ಬೇರೆ, ಕೊಡುವುದು ಬೇರೆ. ಎಂಬತ್ತು ದಾಟಿದ ಆ ಮನುಷ್ಯನೆದುರು "ಅದು ನನ್ನದು" ಎನ್ನುವ ಬದಲು ಬರೆದು ಕೊಡುತ್ತೇನೆ ಎಂದುಬಿಟ್ಟೆ. ಆದರೆ ನಾನೇನು ಸಂತನಲ್ಲ, ಒಳಗೊಳಗೇ ಒಂದು ಉಪಾಯ ಹೂಡಿದೆ. ನಾಟಕದ ಆ ತಾಯಿಯ ಮಾತಿನ ಲಯ, ಅದೇ ತಿರುವು, ಅದೇ ಬಿಸಿಯನ್ನು ಭಾಷಣಕ್ಕೂ ಇಟ್ಟು ಬರೆಯುತ್ತೇನೆ. ಓದು ಬಲ್ಲವರು ಕೇಳಿದೊಡನೆ ಇದು ಗೌಡರ ಬಾಯಿಯ ಮಾತಲ್ಲ, ಬೇರೆ ಯಾರದೋ ಲೇಖನಿ ಎಂದು ಹಿಡಿದುಬಿಡುತ್ತಾರೆ. ಒಂದು ವಾರ ತಿದ್ದಿ ತಿದ್ದಿ ಬರೆದೆ.

ಸನ್ಮಾನದ ದಿನ ಮಂಜೂರಿನವರೆಲ್ಲ ಬಂದಿದ್ದರು. ಕೆಮಿಸ್ಟ್ರಿ ಮೇಷ್ಟ್ರೂ ಬಂದು ನನ್ನ ಪಕ್ಕದಲ್ಲೇ ಕುಳಿತರು. ಹೆಂಡತಿಯನ್ನು ಬಿಟ್ಟರೆ ಇಡೀ ಜಿಲ್ಲೆಯಲ್ಲಿ ಆ ನಾಟಕ ನನ್ನದೆಂದು ನಂಬಿದ್ದವರು ಅವರೊಬ್ಬರೇ. ಅನುಮಾನಿಸುವುದಕ್ಕಿಂತ ನಂಬುವುದಕ್ಕೇ ಹೆಚ್ಚು ಬುದ್ಧಿ ಬೇಕೇನೋ ಎಂದು ಅವರನ್ನು ನೋಡಿ ಆಗಲೇ ನನಗೆ ಅನ್ನಿಸತೊಡಗಿತ್ತು. ದೊಡ್ಡಪ್ಪ ಬಿಳಿ ಮುಂಡಾಸು ಸುತ್ತಿ ವೇದಿಕೆ ಹತ್ತಿದರು. ನಾನು ಬರೆದುಕೊಟ್ಟದ್ದನ್ನು ಬಾಯಿಪಾಠ ಮಾಡಿದ್ದರು. ಎಲ್ಲಿ ನಿಲ್ಲಿಸಬೇಕೋ ಅಲ್ಲಿ ನಿಲ್ಲಿಸಿ, ಎಲ್ಲಿ ದನಿ ಇಳಿಸಬೇಕೋ ಅಲ್ಲಿ ಇಳಿಸಿ, ಹುಟ್ಟಿದಂದಿನಿಂದ ಅದೇ ಮಾತನ್ನು ಆಡಿಕೊಂಡು ಬಂದವರ ಹಾಗೆ ಆಡಿದರು. ಹೊಳೆ ದಾಟಿದವರು ಹಿಂದೆ ಬಿಟ್ಟದ್ದು ಊರನ್ನಲ್ಲ, ತಮ್ಮ ಹೆಸರನ್ನು ಎಂಬ ಕೊನೆಯ ಸಾಲಿಗೆ ಬಂದಾಗ ಮಂಜೂರಿನವರೂ ಮೂಗು ಒರೆಸಿಕೊಳ್ಳುತ್ತಿದ್ದರು.

ಕೆಮಿಸ್ಟ್ರಿ ಮೇಷ್ಟ್ರು ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡು, ನನ್ನ ತೊಡೆಯ ಮೇಲೆ ಮೆಲ್ಲಗೆ ಕೈಯಿಟ್ಟರು. "ಮಾಷೇ, ಬೇಜಾರು ಮಾಡ್ಕೋಬೇಡಿ," ಎಂದರು. "ಇಲ್ಲೀವರೆಗೆ ನಿಮ್ಮನ್ನೇ ನಂಬಿದ್ದೆ. ಈಗ ಈ ಮಾತು ಕೇಳಿದ ಮೇಲೆ ಆಗಲ್ಲ. ಆ ನಾಟಕಕ್ಕೂ ಈ ಭಾಷಣಕ್ಕೂ ಒಂದೇ ಕೈ. ನಾಟಕ ಬರೆದದ್ದು ಇವರೇ."

ಸುತ್ತ ಎಲ್ಲರೂ ಎದ್ದು ಚಪ್ಪಾಳೆ ತಟ್ಟುತ್ತಿದ್ದರು. ನಾನೂ ಎದ್ದು ತಟ್ಟಿದೆ, ಎಲ್ಲರಿಗಿಂತ ಜೋರಾಗಿಯೇ. ಕೊನೆಯ ಸಾಲು ನಿಜವಾಗಿಯೂ ಚೆನ್ನಾಗಿತ್ತು.